ತಿರುಗುವ ಶಾಫ್ಟಿನ ದಪ್ಪದ ಲೆಕ್ಕ

ಸಿಕಂದರಾಬಾದಿನಲ್ಲಿ ಹಿಟ್ಟಿನ ಗಿರಣಿಯಿಲ್ಲದ ಮೊಹಲ್ಲಾ ವಿರಳ. ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದು ಇಲ್ಲಿ ನೆಲೆಸಿದ ನಮ್ಮವರಿಗೆ ಜೋಳದ ರೊಟ್ಟಿ ಬೇಕೇ ಬೇಕು. ಆದುದರಿಂದ ಗಿರಣಿಯ ಮುಂದೆ ಡಬ್ಬಿ ಹಿಡಿದು ಸರದಿಗೆ ನಿಲ್ಲದವರು ನಮ್ಮಲ್ಲಿ ಇರಲಾರರು. ಗಿರಣಿ ಹಳೆಯ ಮಾದರಿಯದಾಗಿದ್ದರೆ ತಲೆಯ ಮೇಲೊಂದು ಕಬ್ಬಿಣದ ಸರಳು ತಿರುಗುತ್ತಿರುವುದನ್ನು ವಾಚಕರು ನೋಡಿರಬಹುದು. ನೆಲದ ಮೇಲಿನ ಮೋಟಾರಿನಿಂದ ಒಂದು ಬೆಲ್ಟು ಆ ಸರಳಿನ ಪುಲ್ಲಿಗೆ ಹೋಗುತ್ತದೆ. ಸರಳಿನ ಇನ್ನೊಂದು ಪುಲ್ಲಿಯಿಂದ ಮತ್ತೊಂದು ಬೆಲ್ಟು ಕೆಳಗಿಳಿದು ಬೀಸುವ ಕಲ್ಲನ್ನು ತಿರುಗಿಸುತ್ತದೆ. ಆ ಸರಳೇ ಶಾಫ್ಟು.

ಒಂದು ಕಾಲದಲ್ಲಿ ದೊಡ್ಡ ಬಟ್ಟೆಯ ಗಿರಣಿಗಳೂ ಹೀಗೆಯೇ ನಡೆಯುತ್ತಿದ್ದವು. ಕಲಬುರಗಿಯ ಮಹಬೂಬ್ ಶಾಹಿ ಗಿರಣಿಯಾಗಲಿ, ಘಟಪ್ರಭೆಯ ನೀರಿನ ಬಲದಿಂದ ನಡೆದ ಗೋಕಾಕದ ಗಿರಣಿಯಾಗಲಿ ಹುಟ್ಟಿದ ಕಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದೊಂದು ಮೋಟಾರು ಎಂಬ ಮಾತೇ ಇರಲಿಲ್ಲ. ಒಂದೆಡೆ ಹುಟ್ಟಿದ ಬಲವನ್ನು ಉದ್ದುದ್ದದ ಶಾಫ್ಟುಗಳು ಯಂತ್ರದಿಂದ ಯಂತ್ರಕ್ಕೆ ಹಂಚುತ್ತಿದ್ದವು. ಈಗ ಅಂತಹ ಉದ್ದದ ಶಾಫ್ಟುಗಳು ಕಡಿಮೆಯಾಗಿವೆ. ಆದರೆ ಎರಡು ಬೇರಿಂಗು, ಎರಡು ಪುಲ್ಲಿ, ನಡುವೆ ಒಂದು ಸರಳು ಎಂಬ ಏರ್ಪಾಡು ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಗರಗಸದ ಯಂತ್ರಗಳಲ್ಲಿ ಇನ್ನೂ ಉಳಿದಿದೆ.

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೆಲವರು ನಾಲ್ಕು ಕಾಸು ಉಳಿಸಿ ಊರಿನಲ್ಲಿ ಇಂತಹದೊಂದು ಗಿರಣಿ ಹಾಕುವ ಆಲೋಚನೆಯಲ್ಲಿದ್ದಾರೆ. ರಾಣಿಗಂಜಿಗೆ ಹೋಗಿ ಮೋಟಾರು ನೋಡುತ್ತಾರೆ, ಅನಂತರ, “ಹತ್ತು ಹಾರ್ಸ್‌ಪವರಿಗೆ ಎಷ್ಟು ದಪ್ಪದ ಶಾಫ್ಟು ಬೇಕು?” ಎಂದು ಕೇಳುತ್ತಾರೆ. ಇದು ಅರ್ಧ ಪ್ರಶ್ನೆ. ಅರ್ಧ ಪ್ರಶ್ನೆಗೆ ಅಂಗಡಿಯವನು ಕೊಡುವ ಉತ್ತರವೂ ಅರ್ಧವೇ ಆಗಿರುತ್ತದೆ. ಉಳಿದರ್ಧ ಏನೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ನಾವು ಇಂಜಿನಿಯರರಲ್ಲ, ಗಿರಣಿಯ ಸ್ಟೋರಿನಲ್ಲಿ ಲೆಕ್ಕ ಬರೆಯುವವರು. ಯಾವ ಶಾಫ್ಟು ಎಂದು ಬಂತು, ಎಂದು ಮುರಿದು ಭಂಗಾರಕ್ಕೆ ಹೋಯಿತು ಎಂಬುದು ನಮ್ಮ ಪುಸ್ತಕದಲ್ಲಿರುತ್ತದೆ. ಮೆಟ್ರಿಕ್‌ವರೆಗೆ ಓದಿದವರಿಗೆ ಈ ಲೆಕ್ಕ ಕಷ್ಟವಲ್ಲ; ಗುಣಾಕಾರ, ಭಾಗಾಕಾರ ಮತ್ತು ಒಂದು ವರ್ಗಮೂಲ ಬಂದರೆ ಸಾಕು.

ತಿರುಚುವುದು ಮತ್ತು ಬಾಗಿಸುವುದು

ಶಾಫ್ಟಿನ ಮೇಲೆ ಎರಡು ಬಗೆಯ ಹೊರೆ ಬೀಳುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವಾಗ ಎರಡು ಕೈಗಳೂ ಅದನ್ನು ವಿರುದ್ಧ ದಿಕ್ಕಿಗೆ ತಿರುಚುತ್ತವೆಯಲ್ಲವೆ? ಹಾಗೆಯೇ ಮೋಟಾರಿನ ಬೆಲ್ಟು ಒಂದು ಪುಲ್ಲಿಯನ್ನು ಮುಂದಕ್ಕೆ ತಿರುಗಿಸುತ್ತದೆ, ಕಲ್ಲಿನ ಭಾರ ಇನ್ನೊಂದು ಪುಲ್ಲಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಇದು ತಿರುಚುವ ಬಲ. ಇದಕ್ಕೆ ಟಾರ್ಕ್ ಎನ್ನುವರು.

ಎರಡನೆಯದು ಬಾಗಿಸುವ ಬಲ. ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಇಬ್ಬರು ಹಮಾಲರು ಬೊಂಬಿಗೆ ಭಾರದ ಪೆಟ್ಟಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ನಡೆದರೆ ಬೊಂಬು ನಡುವೆ ಬಾಗುತ್ತದೆ. ಶಾಫ್ಟು ಆ ಬೊಂಬು. ಬೇರಿಂಗುಗಳು ಆ ಇಬ್ಬರು ಹಮಾಲರು. ಪುಲ್ಲಿಯ ತೂಕ ಮತ್ತು ಬೆಲ್ಟಿನ ಎಳೆತ ಸೇರಿ ಆ ಪೆಟ್ಟಿಗೆ. ಹೀಗೆ ಬಾಗಿಸುವ ಬಲದ ಅಳತೆಗೆ ಬೆಂಡಿಂಗ್ ಮೊಮೆಂಟ್ ಎಂದು ಹೆಸರು. ಬಲವನ್ನೂ ಅದರ ದೂರವನ್ನೂ ಗುಣಿಸಿದರೆ ಅದು ದೊರೆಯುತ್ತದೆ. ಬಾಗಿಲನ್ನು ತಿರುಗಣಿಯ ಪಕ್ಕದಲ್ಲಿ ನೂಕಿದರೆ ಅಲುಗದು, ಅಂಚಿನಲ್ಲಿ ನೂಕಿದರೆ ಮಗುವೂ ತೆರೆಯಬಲ್ಲದು. ಬಲ ಅಷ್ಟೇ ಇದ್ದರೂ ದೂರ ಹೆಚ್ಚಿದಂತೆ ಪರಿಣಾಮವೂ ಹೆಚ್ಚುತ್ತದೆ.

ಇಲ್ಲಿ ಬೆಲ್ಟಿನ ಗುಣವನ್ನು ಸ್ವಲ್ಪ ನೋಡಬೇಕು. ಪುಲ್ಲಿಯ ಒಂದು ಬದಿಯ ಬೆಲ್ಟು ಬಿಗಿಯಾಗಿರುತ್ತದೆ, ಇನ್ನೊಂದು ಬದಿಯದು ಸಡಿಲವಾಗಿರುತ್ತದೆ. ಎರಡೂ ಪುಲ್ಲಿಯನ್ನು ಒಂದೇ ಕಡೆಗೆ ಎಳೆಯುತ್ತವೆ. ಕೆಲಸ ಮಾಡುವುದು ಈ ಎರಡು ಎಳೆತಗಳ ವ್ಯತ್ಯಾಸ. ಶಾಫ್ಟನ್ನು ಬಾಗಿಸುವುದು ಇವುಗಳ ಮೊತ್ತ. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದೇ: ವ್ಯತ್ಯಾಸ ದುಡಿಯುತ್ತದೆ, ಮೊತ್ತ ಬಾಗಿಸುತ್ತದೆ.

ಒಂದು ಉದಾಹರಣೆ

ಮೋಟಾರು ೧೦ ಹಾರ್ಸ್‌ಪವರ್; ಶಾಫ್ಟು ನಿಮಿಷಕ್ಕೆ ೩೦೦ ಸುತ್ತು. ಎರಡು ಬೇರಿಂಗುಗಳ ನಡುವೆ ೧೨೦ ಸೆಂಟಿಮೀಟರು. ಎಡದ ಬೇರಿಂಗಿನಿಂದ ೩೦ ಸೆಂಟಿಮೀಟರು ದೂರದಲ್ಲಿ ಮೋಟಾರಿನ ಬೆಲ್ಟು ಬರುವ ಪುಲ್ಲಿ. ಅದರ ಅಡ್ಡಳತೆ ೬೦ ಸೆಂಟಿಮೀಟರು, ತೂಕ ೪೦ ಕಿಲೋ. ಬಲದ ಬೇರಿಂಗಿನಿಂದ ೩೦ ಸೆಂಟಿಮೀಟರು ಒಳಗೆ ಕಲ್ಲಿಗೆ ಹೋಗುವ ಪುಲ್ಲಿ. ಅದರ ಅಡ್ಡಳತೆ ೪೦ ಸೆಂಟಿಮೀಟರು, ತೂಕ ೨೦ ಕಿಲೋ. ಎರಡು ಬೆಲ್ಟುಗಳೂ ನೇರವಾಗಿ ಕೆಳಕ್ಕೆ ಎಳೆಯುತ್ತವೆ ಎಂದು ಇಟ್ಟುಕೊಳ್ಳೋಣ.

ಮೊದಲು ಟಾರ್ಕ್. ೭೫ ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಬಲ ಒಂದು ಹಾರ್ಸ್‌ಪವರ್. ನಿಮಿಷಕ್ಕೆ ೪,೫೦೦ ಕಿಲೋ-ಮೀಟರು. ಹತ್ತಕ್ಕೆ ೪೫,೦೦೦. ಶಾಫ್ಟಿನ ನಡುವಿನಿಂದ ಒಂದು ಮೀಟರು ದೂರದ ಬಿಂದು ೩೦೦ ಸುತ್ತಿನಲ್ಲಿ ೨ × ೩.೧೪೧೬ × ೩೦೦, ಅಂದರೆ ಸುಮಾರು ೧,೮೮೫ ಮೀಟರು ಸಾಗುತ್ತದೆ. ೪೫,೦೦೦ವನ್ನು ೧,೮೮೫ರಿಂದ ಭಾಗಿಸಿದರೆ ಸುಮಾರು ೨೪ ಕಿಲೋ. ಒಂದು ಮೀಟರು ದೂರದಲ್ಲಿ ೨೪ ಕಿಲೋ ಎಂದರೆ ೨,೪೦೦ ಕಿಲೋ-ಸೆಂಟಿಮೀಟರು.

ಇಲ್ಲಿ ಒಂದು ಮಾತು. ಅದೇ ಮೋಟಾರಿನಿಂದ ಶಾಫ್ಟನ್ನು ೬೦೦ ಸುತ್ತು ತಿರುಗಿಸಿದರೆ ಟಾರ್ಕ್ ಅರ್ಧಕ್ಕೆ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಗಿರಣಿಗಳಲ್ಲಿ ವಿಲಿಯಂ ಫೇರ್‌ಬೇರ್ನ್ ಎಂಬ ಶಿಲ್ಪಿ ನಿಧಾನವಾಗಿ ತಿರುಗುತ್ತಿದ್ದ ಭಾರಿ ಶಾಫ್ಟುಗಳನ್ನು ತೆಗೆಸಿ, ವೇಗವಾಗಿ ತಿರುಗುವ ಹಗುರ ಶಾಫ್ಟುಗಳನ್ನು ಹಾಕಿಸಿ ಹೆಸರು ಪಡೆದುದಕ್ಕೆ ಇದೇ ಕಾರಣ.

ಈಗ ಬೆಲ್ಟಿನ ಎಳೆತ. ಮೊದಲ ಪುಲ್ಲಿಯ ತ್ರಿಜ್ಯ ೩೦. ೨,೪೦೦ವನ್ನು ೩೦ರಿಂದ ಭಾಗಿಸಿದರೆ ೮೦ ಕಿಲೋ. ಇದು ಎರಡು ಬದಿಗಳ ವ್ಯತ್ಯಾಸ. ಸರಿಯಾಗಿ ಹಾಕಿದ ಚಪ್ಪಟೆ ಬೆಲ್ಟಿನಲ್ಲಿ ಬಿಗಿ ಬದಿಯ ಎಳೆತ ಸಡಿಲು ಬದಿಯ ಸುಮಾರು ಮೂರರಷ್ಟು ಎಂದು ಹಿಡಿಯಬಹುದು. ಹಾಗಾದರೆ ಬಿಗಿ ಬದಿ ೧೨೦, ಸಡಿಲು ಬದಿ ೪೦, ಮೊತ್ತ ೧೬೦. ಪುಲ್ಲಿಯ ತೂಕ ೪೦ ಸೇರಿ ೨೦೦ ಕಿಲೋ.

ಎರಡನೆಯ ಪುಲ್ಲಿಯ ತ್ರಿಜ್ಯ ೨೦. ವ್ಯತ್ಯಾಸ ೧೨೦ ಕಿಲೋ. ಬಿಗಿ ಬದಿ ೧೮೦, ಸಡಿಲು ಬದಿ ೬೦, ಮೊತ್ತ ೨೪೦. ತೂಕ ೨೦ ಸೇರಿ ೨೬೦ ಕಿಲೋ. ಚಿಕ್ಕ ಪುಲ್ಲಿಯೇ ಶಾಫ್ಟನ್ನು ಹೆಚ್ಚು ಎಳೆಯಿತೆಂಬುದನ್ನು ವಾಚಕರು ಗಮನಿಸಬೇಕು. ಪುಲ್ಲಿ ಚಿಕ್ಕದಾದಷ್ಟೂ ಅದೇ ಕೆಲಸಕ್ಕೆ ಬೆಲ್ಟು ಹೆಚ್ಚು ಎಳೆಯಬೇಕಾಗುತ್ತದೆ.

ಯಾವ ಬೇರಿಂಗಿಗೆ ಎಷ್ಟು?

ಹಮಾಲರಲ್ಲಿ ಪೆಟ್ಟಿಗೆಗೆ ಹತ್ತಿರವಿರುವವನಿಗೆ ಭಾರ ಹೆಚ್ಚು. ಲೆಕ್ಕವೂ ಹಾಗೆಯೇ. ಎಡದ ಬೇರಿಂಗಿನಿಂದ ಅಳೆದರೆ ಮೊದಲ ಹೊರೆ ೨೦೦ × ೩೦ = ೬,೦೦೦; ಎರಡನೆಯದು ೨೬೦ × ೯೦ = ೨೩,೪೦೦. ಕೂಡಿದರೆ ೨೯,೪೦೦. ಇದನ್ನು ೧೨೦ರಿಂದ ಭಾಗಿಸಿದರೆ ಬಲದ ಬೇರಿಂಗು ಹೊರುವ ಭಾರ ೨೪೫ ಕಿಲೋ. ಒಟ್ಟು ೪೬೦ರಲ್ಲಿ ಅದನ್ನು ಕಳೆದರೆ ಎಡದ ಬೇರಿಂಗಿಗೆ ೨೧೫.

ಮೊದಲ ಪುಲ್ಲಿಯ ಬಳಿ ಬೆಂಡಿಂಗ್ ಮೊಮೆಂಟ್ ೨೧೫ × ೩೦ = ೬,೪೫೦ ಕಿಲೋ-ಸೆಂಟಿಮೀಟರು. ಎರಡನೆಯ ಪುಲ್ಲಿಯ ಬಳಿ ೨೪೫ × ೩೦ = ೭,೩೫೦. ಬೇರಿಂಗಿನ ಬಳಿ ಬಾಗುವಿಕೆ ಸೊನ್ನೆಯಿಂದ ಆರಂಭವಾಗಿ ಪುಲ್ಲಿಯವರೆಗೆ ಏರುತ್ತದೆ. ಆದುದರಿಂದ ಅತಿ ಹೆಚ್ಚು ಕಷ್ಟ ಎರಡನೆಯ ಪುಲ್ಲಿಯ ಕೆಳಗೆ. ತಿರುಚುವ ಬಲವೂ ಅಲ್ಲಿಯೇ ಇದೆ; ಪುಲ್ಲಿಯನ್ನು ಹಿಡಿಸಲು ಕೀ ಕೂರಿಸುವ ಗಾಡಿಯನ್ನು ಕೊರೆದಿರುವುದೂ ಅಲ್ಲಿಯೇ. ಮೂರು ಕಷ್ಟಗಳು ಒಂದೇ ಜಾಗದಲ್ಲಿ ಕೂಡಿವೆ. (ಶಾಫ್ಟಿನ ಸ್ವಂತ ತೂಕದಿಂದ ಸ್ವಲ್ಪ ಹೆಚ್ಚಾಗುತ್ತದೆ, ಇಲ್ಲಿ ಬಿಟ್ಟಿದ್ದೇವೆ. ಒಂದು ಬೆಲ್ಟು ಕೆಳಕ್ಕೂ ಇನ್ನೊಂದು ಅಡ್ಡಕ್ಕೂ ಎಳೆಯುತ್ತಿದ್ದರೆ ಎರಡು ದಿಕ್ಕಿನ ಲೆಕ್ಕವನ್ನೂ ಬೇರೆ ಬೇರೆ ಮಾಡಿ ಲಂಬಕೋನ ತ್ರಿಭುಜದ ನಿಯಮದಿಂದ ಕೂಡಿಸಬೇಕು.)

ದಪ್ಪವನ್ನು ಕಂಡುಹಿಡಿಯುವುದು

ತಿರುಚುವುದನ್ನೂ ಬಾಗಿಸುವುದನ್ನೂ ಸುಮ್ಮನೆ ಕೂಡಿಸುವಂತಿಲ್ಲ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಎರಡರ ವರ್ಗಗಳನ್ನೂ ಕೂಡಿಸಿ ವರ್ಗಮೂಲ ತೆಗೆಯಬೇಕು. ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರರ ಸಂಘದ ಹಳೆಯ ನಿಯಮವೊಂದನ್ನು ಪಾಲಿಟೆಕ್ನಿಕ್ ಪುಸ್ತಕಗಳಲ್ಲಿ ಇಂದಿಗೂ ಕಾಣಬಹುದು. ಅದರಂತೆ ತಿರುಗುವ ಶಾಫ್ಟಿನಲ್ಲಿ ಭಾರ ಮೆಲ್ಲಗೆ ಬೀಳುವುದಾದರೆ ಬೆಂಡಿಂಗ್ ಮೊಮೆಂಟನ್ನು ಒಂದೂವರೆಯಿಂದ ಗುಣಿಸಬೇಕು, ಟಾರ್ಕನ್ನು ಇದ್ದಂತೆಯೇ ಇಟ್ಟುಕೊಳ್ಳಬೇಕು. ಕೀ ಗಾಡಿ ಕೊರೆದ ಸಾಧಾರಣ ಉಕ್ಕಿಗೆ ಚದರ ಸೆಂಟಿಮೀಟರಿಗೆ ೪೨೦ ಕಿಲೋಗಿಂತ ಹೆಚ್ಚು ಒತ್ತಡ ಹೊರಿಸಬಾರದು. ಧಕ್ಕೆ ಹೊಡೆಯುವ ಯಂತ್ರವಾದರೆ ಇನ್ನೂ ಹೆಚ್ಚಿನಿಂದ ಗುಣಿಸಬೇಕು.

೭,೩೫೦ರ ಒಂದೂವರೆಯಷ್ಟು ೧೧,೦೨೫. ಇದರ ವರ್ಗವನ್ನೂ ೨,೪೦೦ರ ವರ್ಗವನ್ನೂ ಕೂಡಿ ವರ್ಗಮೂಲ ತೆಗೆದರೆ ಸುಮಾರು ೧೧,೩೦೦. ಇದನ್ನು ೧೬ರಿಂದ ಗುಣಿಸಿ, ೩.೧೪೧೬ ಮತ್ತು ೪೨೦ರ ಗುಣಲಬ್ಧದಿಂದ ಭಾಗಿಸಿದರೆ ೧೩೭. ಇದು ಶಾಫ್ಟಿನ ಅಡ್ಡಳತೆಯ ಘನ. ೫ರ ಘನ ೧೨೫, ೫.೨ರ ಘನ ೧೪೦ಕ್ಕೆ ಸ್ವಲ್ಪ ಮೇಲೆ. ಆದುದರಿಂದ ಬೇಕಾದ ದಪ್ಪ ೫.೨ ಸೆಂಟಿಮೀಟರಿಗೆ ಸಮೀಪ. ಅಂಗಡಿಯಲ್ಲಿ ಸಿಗುವ ಮುಂದಿನ ಅಳತೆ ೫೫ ಮಿಲಿಮೀಟರು, ಅದನ್ನೇ ಕೊಳ್ಳಬೇಕು.

ಈಗ ಆ ಅರ್ಧ ಪ್ರಶ್ನೆಗೆ ಬರೋಣ. ಹಾರ್ಸ್‌ಪವರನ್ನು ಮಾತ್ರ ನೋಡಿ, ಅಂದರೆ ೨,೪೦೦ರ ಟಾರ್ಕನ್ನು ಮಾತ್ರ ಹಿಡಿದು ಲೆಕ್ಕ ಹಾಕಿದರೆ ಘನ ೨೯, ದಪ್ಪ ೩.೧ ಸೆಂಟಿಮೀಟರು ಬರುತ್ತದೆ. ಅಂಗಡಿಯವನು “ಇರಲಿ, ೩೫ ತೆಗೆದುಕೊಳ್ಳಿ” ಎಂದು ಧಾರಾಳವಾಗಿಯೇ ಕೊಡುತ್ತಾನೆ. ಮೇಲುನೋಟಕ್ಕೆ ೩೫ಕ್ಕೂ ೫೫ಕ್ಕೂ ಎರಡು ಬೆರಳಿನ ವ್ಯತ್ಯಾಸವೂ ಇಲ್ಲ. ಆದರೆ ಶಕ್ತಿ ದಪ್ಪದ ಘನದಂತೆ ಬೆಳೆಯುವುದರಿಂದ ೫೫ರ ಶಾಫ್ಟು ೩೫ರದಕ್ಕಿಂತ ಸುಮಾರು ನಾಲ್ಕರಷ್ಟು ಗಟ್ಟಿ.

ಕೂಡಲೆ ಏಕೆ ಮುರಿಯುವುದಿಲ್ಲ?

೩೫ರ ಶಾಫ್ಟು ಹಾಕಿದವನು, “ಆರು ತಿಂಗಳು ಚೆನ್ನಾಗಿಯೇ ನಡೆಯಿತಲ್ಲ! ದಪ್ಪ ಸಾಲದಿದ್ದರೆ ಮೊದಲ ದಿನವೇ ಮುರಿಯಬೇಕಿತ್ತು” ಎಂದು ವಾದಿಸಬಹುದು. ತಪ್ಪು ತಿಳುವಳಿಕೆ ಇರುವುದು ಇಲ್ಲಿಯೇ. ಬೊಂಬು ಬಾಗಿದಾಗ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಕುಗ್ಗುತ್ತದೆ. ಶಾಫ್ಟು ತಿರುಗುತ್ತಿರುವುದರಿಂದ ಈಗ ಕೆಳಗಿದ್ದ ಮೈ ಅರ್ಧ ಸುತ್ತಿಗೆ ಮೇಲೆ ಬರುತ್ತದೆ. ಹೀಗೆ ಪ್ರತಿ ಸುತ್ತಿನಲ್ಲಿಯೂ ಲೋಹದ ಒಂದೊಂದು ಭಾಗ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ತಂತಿಯನ್ನು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುರಿಯುವುದನ್ನು ಎಲ್ಲರೂ ಬಲ್ಲರು. ನಿಮಿಷಕ್ಕೆ ೩೦೦ ಸುತ್ತಾದರೆ ಗಂಟೆಗೆ ೧೮,೦೦೦. ಎಂಟು ಗಂಟೆಯ ಪಾಳಿಗೆ ೧,೪೪,೦೦೦. ಏಳು ಪಾಳಿಗಳಲ್ಲಿ ಹತ್ತು ಲಕ್ಷ ದಾಟುತ್ತದೆ.

೧೮೪೨ರ ಮೇ ೮ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಆಕ್ಸಲು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ನೋಡಲು ಗಟ್ಟಿಯಾಗಿದ್ದ ಆಕ್ಸಲು ಹೀಗೆ ಮುರಿಯುವುದೇಕೆಂಬ ಪ್ರಶ್ನೆ ಅಲ್ಲಿಂದ ದೊಡ್ಡದಾಯಿತು. ಅನಂತರ ಪ್ರಷ್ಯದ ರೈಲ್ವೆಯ ಆಗಸ್ಟ್ ವೋಲರ್ ಎಂಬ ಇಂಜಿನಿಯರು ಆಕ್ಸಲಿನಂತಹ ತುಂಡುಗಳಿಗೆ ಭಾರ ಹೊರಿಸಿ ಲಕ್ಷಗಟ್ಟಲೆ ಸುತ್ತು ತಿರುಗಿಸಿ ಪರೀಕ್ಷಿಸಿದನು. ಅವನ ಕೆಲಸ ೧೮೭೦ರ ಹೊತ್ತಿಗೆ ಪ್ರಕಟವಾಗಿತ್ತು. ಒಮ್ಮೆಗೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲವೂ ಮತ್ತೆ ಮತ್ತೆ ಹಿಂದುಮುಂದಾಗಿ ಬಿದ್ದರೆ ಲೋಹ ದಣಿದು ಬಿರುಕು ಬಿಡುತ್ತದೆ. ಒಂದು ಮಿತಿಯೊಳಗೆ ಇದ್ದರೆ ಮಾತ್ರ ಉಕ್ಕು ಬಹುಕಾಲ ಬಾಳುತ್ತದೆ. ನಯವಾದ ತುಂಡಿನಲ್ಲಿ ಆ ಮಿತಿ ಎಳೆದು ಮುರಿಯುವ ಬಲದ ಸುಮಾರು ಅರ್ಧ. ಕೀ ಗಾಡಿಯ ಮೂಲೆ, ಒರಟು ಮೈ, ತುಕ್ಕು ಇದ್ದಲ್ಲಿ ಆ ಅರ್ಧವೂ ಅರ್ಧಕ್ಕೆ ಇಳಿಯಬಹುದು. ಸಾಧಾರಣ ಉಕ್ಕಿಗೆ ಅದು ಚದರ ಸೆಂಟಿಮೀಟರಿಗೆ ಸಾವಿರ ಕಿಲೋ ಆಸುಪಾಸು. ನಮ್ಮ ಉದಾಹರಣೆಯಲ್ಲಿ ೫೫ರ ಶಾಫ್ಟಿನ ಮೈಯಲ್ಲಿ ಬಾಗುವಿಕೆಯಿಂದ ಬರುವ ಒತ್ತಡ ೪೫೦, ೩೫ರದರಲ್ಲಿ ೧,೭೫೦. ಯಾವುದು ಉಳಿಯುವುದೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಊರಿನ ಲಾಲಾಗುಡಾ ರೈಲ್ವೆ ಕಾರ್ಖಾನೆ ನಿಜಾಮರ ಕಾಲದ್ದು, ೧೮೯೩ರಲ್ಲಿ ಆರಂಭವಾಯಿತು. ಬೋಗಿಯ ಆಕ್ಸಲೂ ಭಾರ ಹೊತ್ತು ತಿರುಗುವ ಶಾಫ್ಟೇ. ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ರೈಲ್ವೆಯವರು ಆಕ್ಸಲುಗಳನ್ನು ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಪರೀಕ್ಷಿಸುವುದು ವೋಲರನ ಪಾಠದ ಫಲವೇ.

ಬೆಲ್ಟಿನ ಬಿಗಿ ಮತ್ತು ಪುಲ್ಲಿಯ ಸ್ಥಳ

ಬೆಲ್ಟು ಜಾರಿದರೆ ನಮ್ಮವರು ಮಾಡುವ ಮೊದಲ ಉಪಾಯ ಅದನ್ನು ತುಂಡರಿಸಿ ಬಿಗಿಯಾಗಿ ಹೊಲಿಯುವುದು. ಎರಡನೆಯ ಪುಲ್ಲಿಯ ಬೆಲ್ಟನ್ನು ಹಾಗೆ ಬಿಗಿಗೊಳಿಸಿ ಸಡಿಲು ಬದಿಯ ಎಳೆತ ೬೦ರಿಂದ ೧೨೦ಕ್ಕೆ ಏರಿತೆನ್ನೋಣ. ದುಡಿಯುವ ವ್ಯತ್ಯಾಸ ಹಿಂದಿನ ೧೨೦ ಕಿಲೋನೇ. ಬಿಗಿ ಬದಿ ೨೪೦ ಆಗುತ್ತದೆ, ಮೊತ್ತ ೩೬೦. ಒಂದು ಹಿಡಿ ಹಿಟ್ಟೂ ಹೆಚ್ಚು ಬರಲಿಲ್ಲ. ಬೆಂಡಿಂಗ್ ಮೊಮೆಂಟ್ ಮಾತ್ರ ೭,೩೫೦ರಿಂದ ೧೦,೦೫೦ಕ್ಕೆ ಹಾರಿತು. ಲೆಕ್ಕದಂತೆ ಈಗ ೫೭ ಮಿಲಿಮೀಟರು ಬೇಕು. ನಾವು ಹಾಕಿದ ೫೫ ಸಾಲದು. ಜಾರುವ ಬೆಲ್ಟಿಗೆ ಪುಲ್ಲಿಯ ಮೈಯ ಎಣ್ಣೆ ಒರೆಸುವುದು, ಹಳೆಯ ಬೆಲ್ಟು ಬದಲಿಸುವುದು, ಅಗಲ ಬೆಲ್ಟು ಹಾಕುವುದು ಮೇಲು.

ಪುಲ್ಲಿಯ ಸ್ಥಳದಿಂದ ಆಗುವ ಉಳಿತಾಯ ಇನ್ನೂ ದೊಡ್ಡದು. ಅದೇ ಎರಡು ಪುಲ್ಲಿಗಳನ್ನು ಬೇರಿಂಗುಗಳಿಂದ ೩೦ರ ಬದಲು ೧೫ ಸೆಂಟಿಮೀಟರು ದೂರದಲ್ಲಿ ಇಟ್ಟರೆ ದೊಡ್ಡ ಮೊಮೆಂಟ್ ಸುಮಾರು ೩,೭೯೦ಕ್ಕೆ ಇಳಿಯುತ್ತದೆ. ೪೫ ಮಿಲಿಮೀಟರಿನ ಶಾಫ್ಟು ಸಾಕಾಗುತ್ತದೆ. ಕಬ್ಬಿಣದ ತೂಕದಲ್ಲಿ ಮೂರರಲ್ಲೊಂದು ಪಾಲು ಉಳಿಯಿತು. ಖರ್ಚಾದುದು ಒಂದು ಗೇಣಿಗಿಂತ ಕಡಿಮೆ ಜಾಗದ ಹೊಂದಾಣಿಕೆ. ಪುಲ್ಲಿಯನ್ನು ಬೇರಿಂಗಿನ ಹೊರಗೆ ಚಾಚಿದ ತುದಿಯಲ್ಲಿ ಕೂರಿಸುವುದಾದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಆಚೆ ಬದಿಯ ಹಮಾಲನಿಲ್ಲ. ಹೊರಚಾಚಿದ ಒಂದೊಂದು ಬೆರಳೂ ಪೂರ್ತಿ ಹೊರೆಯಿಂದ ಗುಣಿತವಾಗುತ್ತದೆ.

ಮುರಿದ ಮುಖ ಹೇಳುವ ಸಾಕ್ಷಿ

ಶಾಫ್ಟು ಮುರಿದಾಗ ಮೊದಲು ಕೇಳುವ ಪ್ರಶ್ನೆ, “ಯಾರ ಪಾಳಿಯಲ್ಲಿ ಮುರಿಯಿತು?” ಎಂಬುದು. ನಾವು ಕಂಡ ಒಂದು ಗಿರಣಿಯಲ್ಲಿ ಒಂದೇ ಜಾಗದ ಶಾಫ್ಟು ಮತ್ತೆ ಮತ್ತೆ ಮುರಿಯಿತು. ಪ್ರತಿ ಸಲವೂ ಆ ಹೊತ್ತು ನಿಂತಿದ್ದವನ ಹೆಸರು ಪುಸ್ತಕಕ್ಕೆ ಬಂತು. ಪುಲ್ಲಿಯ ಸ್ಥಳ ಮಾತ್ರ ಬದಲಾಗಲಿಲ್ಲ. ಆದುದರಿಂದ ಕೆಲಸಗಾರರಾದ ನಮ್ಮ ಸೋದರರು ಇದನ್ನು ಚೆನ್ನಾಗಿ ತಿಳಿದಿರಬೇಕು. ಮುರಿದ ತುಂಡನ್ನು ಭಂಗಾರಕ್ಕೆ ಎಸೆಯುವ ಮುನ್ನ ಅದರ ಮುಖವನ್ನು ಬೆಳಕಿಗೆ ಹಿಡಿದು ನೋಡಿರಿ. ಒಂದು ಭಾಗ ನಯವಾಗಿ, ಮಂಕಾಗಿ, ಕೆಲವೊಮ್ಮೆ ತುಕ್ಕು ಹಿಡಿದು, ದಂಡೆಗೆ ಬಡಿದ ಅಲೆಗಳಂತಹ ಗೆರೆಗಳಿಂದ ಕೂಡಿದ್ದು, ಉಳಿದ ಭಾಗ ಹೊಸದಾಗಿ ಸಕ್ಕರೆಯ ಹರಳಿನಂತೆ ಒರಟಾಗಿದ್ದರೆ, ಬಿರುಕು ಬಹುದಿನಗಳಿಂದ ಬೆಳೆಯುತ್ತಿತ್ತು ಎಂದು ತಿಳಿಯಬೇಕು. ಒರಟು ಭಾಗವೊಂದೇ ಆ ದಿನ ಮುರಿದದ್ದು. ಗೆರೆಗಳು ಕೀ ಗಾಡಿಯ ಮೂಲೆಯಿಂದ ಹೊರಟಿದ್ದರೆ ಬಿರುಕು ಹುಟ್ಟಿದ ಜಾಗವೂ ತಿಳಿಯಿತು. ಅಂತಹ ಮುರಿತಕ್ಕೆ ಕೊನೆಯ ಪಾಳಿಯವನನ್ನು ಹೊಣೆ ಮಾಡುವುದು ನ್ಯಾಯವಲ್ಲ. ಅದೇ ದಪ್ಪದ ಹೊಸ ಶಾಫ್ಟು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮುರಿಯದ ಶಾಫ್ಟೂ ಅಪಾಯವೇ. ತಿರುಗುವ ಸರಳಿಗೆ ಪಂಚೆಯ ಅಂಚು, ಸೀರೆಯ ಸೆರಗು, ಹೆಗಲ ಟವೆಲು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಬಲ ಸಾಗಿಸುವ ಶಾಫ್ಟು, ಪುಲ್ಲಿ, ಬೆಲ್ಟುಗಳಿಗೆ ಭದ್ರವಾದ ಬೇಲಿ ಇರಬೇಕೆಂದು ೧೯೪೮ರ ಫ್ಯಾಕ್ಟರಿ ಕಾಯಿದೆಯ ೨೧ನೆಯ ಕಲಮು ಹೇಳಿತು. ಕೆಲಸದಲ್ಲಿಲ್ಲದ ಬೆಲ್ಟನ್ನು ತಿರುಗುವ ಶಾಫ್ಟಿನ ಮೇಲೆ ತೂಗಬಿಡಬಾರದೆಂದು ೨೪ನೆಯ ಕಲಮು ಹೇಳಿತು. ಹಳ್ಳಿಯ ಹಿಟ್ಟಿನ ಗಿರಣಿಗೆ ಇನ್‌ಸ್ಪೆಕ್ಟರು ಬರದೇ ಇರಬಹುದು. ಜೋಳ ಬೀಸಿಸಲು ಮಕ್ಕಳು ಬಂದೇ ಬರುತ್ತಾರೆ. ಕಬ್ಬಿಣದ ಜಾಲರಿಯ ಬೆಲೆಯನ್ನೂ ಶಾಫ್ಟಿನ ಬೆಲೆಯ ಜೊತೆಗೇ ಲೆಕ್ಕಕ್ಕೆ ಹಿಡಿಯಬೇಕು.

ಗಿರಣಿ ಹಾಕುವ ಮಿತ್ರರು ರಾಣಿಗಂಜಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಈ ಐದು ಸಂಗತಿಗಳನ್ನು ಬರೆದಿಟ್ಟುಕೊಳ್ಳಲಿ: ಮೋಟಾರಿನ ಹಾರ್ಸ್‌ಪವರ್; ಶಾಫ್ಟಿನ ಸುತ್ತು; ಪುಲ್ಲಿಗಳ ಅಡ್ಡಳತೆ ಮತ್ತು ತೂಕ; ಬೇರಿಂಗುಗಳಿಂದ ಪುಲ್ಲಿಗಳ ದೂರ; ಬೆಲ್ಟುಗಳು ಎಳೆಯುವ ದಿಕ್ಕು. ಇವು ಇದ್ದರೆ ಪೂರ್ಣ ಪ್ರಶ್ನೆಯಾಗುತ್ತದೆ. ಉತ್ತರವನ್ನು ಬಲ್ಲ ಇಂಜಿನಿಯರರಿಗೆ ಒಮ್ಮೆ ತೋರಿಸಿ, ಅನಂತರವೇ ದುಡ್ಡು ಕೊಡುವುದು ಒಳ್ಳೆಯದು. ಲೆಕ್ಕವನ್ನು ತಾವೇ ಮಾಡಿ ನೋಡಬೇಕೆನ್ನುವವರು ಭಾನುವಾರ ಬೆಳಿಗ್ಗೆ ಚೀಟಿಯೊಡನೆ ವಾಚನಾಲಯಕ್ಕೆ ಬರಲಿ. ಕೂಡಿ ಕುಳಿತು ಮಾಡೋಣ.